ಮೂಗೂರಿನಿಂದ ಹವಳದ ದ್ವೀಪಕ್ಕೆ

ತಿ. ನರಸೀಪುರ ತಾಲ್ಲೂಕಿನ ಮೂಗೂರಿನವರಿಗೆ ದ್ವೀಪವೆಂದರೆ ಹೊಸದೇನಲ್ಲ. ಬಸ್ಸು ಹಿಡಿದರೆ ಒಂದು ದಿಕ್ಕಿನಲ್ಲಿ ಶ್ರೀರಂಗಪಟ್ಟಣ, ಇನ್ನೊಂದು ದಿಕ್ಕಿನಲ್ಲಿ ಶಿವನಸಮುದ್ರ. ಎರಡೂ ಕಾವೇರಿ ಕವಲೊಡೆದು ಬಳಸಿ ಹರಿದಾಗ ಆದ ದ್ವೀಪಗಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರಬಹುದು. ಆದರೆ ಕಡಲ ನಡುವಿನ ದ್ವೀಪದ ಮಾತೇ ಬೇರೆ. ಕಾಲೇಜಿನ ಮಕ್ಕಳು 'ಲಕ್ಷದ್ವೀಪಕ್ಕೆ ನಾವೇ ಹೋಗಿಬರುತ್ತೇವೆ' ಎಂದರೆ ತಂದೆತಾಯಿ ಕೇಳಬೇಕಾದದ್ದು 'ಹೇಗೆ ಹೋಗುತ್ತೀರಿ?' ಎಂದಲ್ಲ, 'ಹೇಗೆ ಹಿಂದಿರುಗುತ್ತೀರಿ?' ಎಂದು.

ಈ ದ್ವೀಪಗಳು ನಮಗೆ ತೀರಾ ಅಪರಿಚಿತವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಎಂಬ ಐದು ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ತೆಂಗಿನ ನಾರು ತಂದು ಅಕ್ಕಿ ಒಯ್ಯುತ್ತಿದ್ದ ಅಲ್ಲಿನ ಹಾಯಿ ಹಡಗುಗಳು ಮಳೆಗಾಲದಲ್ಲಿ ಮಂಗಳೂರಿನತ್ತ ಹೊರಡುತ್ತಲೇ ಇರಲಿಲ್ಲ.

ಇಂದು ಕೊಚ್ಚಿಯಿಂದ ಹಡಗುಗಳಿವೆ, ಅಗತ್ತಿಗೆ ವಿಮಾನವೂ ಇದೆ. ಆದರೂ ಕಡಲಿನ ಸ್ವಭಾವ ಬದಲಾಗಿಲ್ಲ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಅದು ಪ್ರಕ್ಷುಬ್ಧ. ಮಳೆಗಾಲ ಕಳೆಯಿತೆಂದು ಮೈಮರೆಯುವಂತೆಯೂ ಇಲ್ಲ: 2017ರಲ್ಲಿ ಓಖಿ ಚಂಡಮಾರುತ ಅಪ್ಪಳಿಸಿದ್ದು ಡಿಸೆಂಬರಿನಲ್ಲಿ. ಹಲವು ದ್ವೀಪಗಳಲ್ಲಿ ಹಡಗು ದೂರದಲ್ಲೇ ನಿಂತು, ಜನ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಅಲೆ ಎದ್ದರೆ ಅದೂ ಕಷ್ಟ. ಆದ್ದರಿಂದ ಐದು ದಿನದ ಪ್ರವಾಸಕ್ಕೆ ಮೂರು ದಿನ ಕೈಯಲ್ಲಿ ಹೆಚ್ಚಿಗೆ ಇರಲಿ. ಅದಕ್ಕೆ ತಕ್ಕ ನಗದು, ಔಷಧಿ ಜೊತೆಗಿರಲಿ. ಹಿಂದಿರುಗುವ ದಿನದ ಮರುದಿನವೇ ಪರೀಕ್ಷೆ ಇಟ್ಟುಕೊಂಡು ಹೊರಡಬೇಡಿ.

ಟಿಕೆಟ್ಟಿಗಿಂತ ಮೊದಲು ಪರವಾನಗಿ ಬೇಕು. 1967ರ ನಿಯಮದಂತೆ ದ್ವೀಪವಾಸಿಗಳಲ್ಲದ ಭಾರತೀಯರಿಗೂ ಇದು ಕಡ್ಡಾಯ. ಯಾವ ದ್ವೀಪ, ಎಷ್ಟು ದಿನ, ಎಲ್ಲಿ ವಸತಿ ಎಂಬುದು ಮೊದಲೇ ಗೊತ್ತಾಗಿರಬೇಕು. ಹೋಗಿ ನೋಡಿಕೊಂಡರಾಯಿತು ಎಂಬ ಮಾತು ಇಲ್ಲಿ ನಡೆಯದು.

ಕೊನೆಯದು ನೀರು. ಜನವಸತಿಯಿರುವ ದ್ವೀಪಗಳು ಹತ್ತೇ. ಎಲ್ಲ ದ್ವೀಪಗಳ ನೆಲ ಸೇರಿದರೂ 32 ಚದರ ಕಿಲೋಮೀಟರ್. ಹೊಳೆಯಿಲ್ಲ, ಕೆರೆಯಿಲ್ಲ. ಹವಳದ ಮರಳಿಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಹೆಚ್ಚು ಸೇದಿದರೆ ಉಪ್ಪುನೀರು ಮೇಲೇರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಕಡಲ ನೀರನ್ನೇ ಸಿಹಿಯಾಗಿಸುವ ಘಟಕ ಸ್ಥಾಪಿಸಬೇಕಾಗಿ ಬಂತು. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯ ಮಕ್ಕಳಿಗೆ ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುವ ಅಭ್ಯಾಸ ಹೊರಡುವ ಮೊದಲೇ ಆಗಲಿ. ನಾವು ನಾಲ್ಕು ದಿನದ ಅತಿಥಿಗಳು. ಆ ಬಾವಿಯನ್ನು ನಂಬಿ ಬದುಕುವವರು ವರ್ಷವಿಡೀ ಅಲ್ಲೇ ಇರುತ್ತಾರೆ.