ನೋಟವೂ ಅಭ್ಯಾಸವೂ

ವಿಜಯವಾಡಕ್ಕೆ ಬಹುದೂರವಲ್ಲದ ಕೂಚಿಪೂಡಿ ಗ್ರಾಮದ ನಾಟ್ಯಪರಂಪರೆಯಲ್ಲಿ, ಹಿತ್ತಾಳೆಯ ತಟ್ಟೆಯಂಚಿನ ಮೇಲೆ ಪಾದವೂರಿ ನರ್ತಕಿಯು ತರಂಗವೆಂಬ ನೃತ್ಯವನ್ನಾಡುತ್ತ ಮುಂದೆ ಸರಿಯುವಾಗ, ಸಭೆಯಲ್ಲಿ ಕುಳಿತವರ ಕಾಲ್ಬೆರಳುಗಳೂ ತಮಗರಿವಿಲ್ಲದೆ ಬಿಗಿಯುವುದುಂಟು. ಇದಕ್ಕೊಂದು ಸುಳಿವು ಮಿದುಳಿನಲ್ಲಿರಬಹುದು: 1990ರ ದಶಕದಲ್ಲಿ ಇಟಲಿಯ ಪಾರ್ಮಾ ನಗರದ ನರವಿಜ್ಞಾನಿ ರಿಜ್ಜೊಲಾಟಿ ಮತ್ತು ಸಂಗಡಿಗರು, ಕೋತಿಯು ತಾನೇ ವಸ್ತುವೊಂದನ್ನು ಹಿಡಿಯುವಾಗ ಉದ್ದೀಪ್ತವಾಗುವ ಕೆಲವು ನರಕೋಶಗಳು ಅನ್ಯರು ಹಿಡಿಯುವುದನ್ನು ಕಂಡಾಗಲೂ ಹಾಗೆಯೇ ಆಗುವುವೆಂದು ತೋರಿಸಿದರು. 2005ರಲ್ಲಿ ಲಂಡನ್ನಿನ ಸಂಶೋಧಕರು ಬ್ಯಾಲೆ ನರ್ತಕರನ್ನೂ ಬ್ರೆಜಿಲಿನ ಕಪೊಯೆರಾ ಎಂಬ ಕಾದಾಟ-ನೃತ್ಯದ ಪಟುಗಳನ್ನೂ ಪರೀಕ್ಷಿಸಿ, ತಾವು ಅಭ್ಯಸಿಸಿದ ಚಲನೆಯನ್ನು ನೋಡುವಾಗಲೇ ಮಿದುಳಿನ ಸ್ಪಂದನವು ಅಧಿಕವೆಂದು ಕಂಡರು. ಹೀಗಿರುವಾಗ, ವಿಶಾಖಪಟ್ಟಣದ ಕಡಲತಡಿಯಲ್ಲಿ ಬೆಸ್ತರು ಬಲೆಯೆಳೆಯುವುದನ್ನು ಪ್ರವಾಸಿಗರಾದ ನಾವು ನೋಡುವುದಕ್ಕೂ, ಹಗ್ಗದ ಭಾರವನ್ನು ಅಂಗೈಯಲ್ಲಿ ಬಲ್ಲ ಇನ್ನೊಬ್ಬ ಬೆಸ್ತನು ನೋಡುವುದಕ್ಕೂ ಅಂತರವಿರಲೇಬೇಕು. ನಾಟ್ಯವನ್ನು ಸವಿಯಬಯಸುವವರು ಮೊದಲು ನಾಲ್ಕು ದಿನ ಹೆಜ್ಜೆ ಹಾಕಿ ನೋಡಲಿ ಎಂಬುದೇ ನನ್ನ ಸಲಹೆ.