24 ನಿಮಿಷಕ್ಕೆ ಮರೆತುಹೋದ ಹೆಸರುಗಳು

“ಮೊನ್ನೆ ಹೇಳೀನಲ್ಲೋ ತಮ್ಮಾ, ನಿನ್ನೆನೂ ಹೇಳೀನಿ. ಇವತ್ತ ಮತ್ತ ಹೆಸರು ಇಲ್ಲ ಅಂತೈತಿ ನೋಡಿದು.”

ಗುಡಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮುಂದೆ ಆ ಅವ್ವ ಮಗನ ಫೋನು ಹಿಡಿದುಕೊಂಡು ನಿಂತಿದ್ದರು. ನಾವು ಸುಲಭದ ಉತ್ತರ ಕೊಟ್ಟೆವು. “ನೀವ ಏನೋ ತಪ್ಪು ಒತ್ತಿರಬೇಕ್ರಿ ಅವ್ವಾರ.” ಅವರು ಮತ್ತೇನೂ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಮನೆ ಕಡೆ ಹೋದರು. ಆ ಉತ್ತರ ಸುಳ್ಳು ಎಂದು ನಮಗೆ ತಿಳಿಯಲು ಹತ್ತು ದಿನ ಬೇಕಾಯಿತು.

ಇದು ಕೆಲವು ವರ್ಷದ ಹಿಂದಿನ ಮಾತು. ಪತ್ರಿಕೋದ್ಯಮ ಓದಿ ಊರಿಗೆ ಬಂದಿದ್ದ ನಾವು ನಾಲ್ವರು ಉದ್ಯೋಗ ಖಾತ್ರಿಯ ಕೂಲಿ ಬಾಕಿ ಬಗ್ಗೆ ವರದಿ ಮಾಡಲು ಹೊರಟಿದ್ದೆವು. ಎನ್‌ಎಂಆರ್ ಮುಗಿದ 15 ದಿನದೊಳಗೆ ಕೂಲಿ ಕೊಡಬೇಕೆಂದು ಕಾಯ್ದೆ ಹೇಳುತ್ತಿತ್ತು. ನಮ್ಮಲ್ಲಿ ಬದು ಹಾಕಿದವರು, ನಾಲಾ ಹೂಳೆತ್ತಿದವರು ತಿಂಗಳುಗಟ್ಟಲೆ ಬ್ಯಾಂಕಿಗೆ ಓಡಾಡುತ್ತಿದ್ದರು. ಬರೀ ಸುದ್ದಿ ಬರೆದರೆ ಯಾರೂ ಕೇಳುವುದಿಲ್ಲ, ಹೆಸರು ಸಮೇತ ಪಟ್ಟಿ ಕೊಟ್ಟರೆ ಕೇಳಲೇಬೇಕಾಗುತ್ತದೆ ಎಂಬುದು ನಮ್ಮ ಲೆಕ್ಕ.

ಅದಕ್ಕೆ ನಾಲ್ಕು ಪುಟದ ಒಂದು ಆನ್‌ಲೈನ್ ಫಾರಂ ಮಾಡಿದೆವು. ಮೊದಲ ಪುಟದಲ್ಲಿ ಹೆಸರು, ಜಾಬ್ ಕಾರ್ಡ್ ನಂಬರು. ಎರಡನೆಯದರಲ್ಲಿ ಯಾವ ಕೆಲಸ, ಯಾವ ವಾರ, ಎಷ್ಟು ದಿನ. ಮೂರನೆಯದರಲ್ಲಿ ಖಾತೆಗೆ ಬಂದದ್ದೆಷ್ಟು, ಬಾಕಿ ಎಷ್ಟು. ನಾಲ್ಕನೆಯದರಲ್ಲಿ ಎಲ್ಲವನ್ನೂ ಒಮ್ಮೆ ತೋರಿಸಿ ‘ಸರಿ’ ಒತ್ತಿಸಿಕೊಳ್ಳುವುದು. ನಮ್ಮ ಫೋನಿನಲ್ಲಿ ಇಪ್ಪತ್ತು ಸಲ ಪರೀಕ್ಷೆ ಮಾಡಿದೆವು, ಪ್ರತಿ ಸಲವೂ ಸರಿಯಾಗಿತ್ತು. ಲಿಂಕನ್ನು ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕಿದೆವು.

ಬಂದ ಅರ್ಜಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದಕ್ಕೆ ಹೆಸರಿರಲಿಲ್ಲ. ಕೆಲಸ ಇತ್ತು, ದಿನ ಇತ್ತು, ಬಾಕಿ ಹಣವೂ ಇತ್ತು. ಹೆಸರು, ಕಾರ್ಡ್ ನಂಬರಿನ ಜಾಗ ಮಾತ್ರ ಖಾಲಿ. ಜನ ಹೆದರಿ ಹೆಸರು ಬಿಟ್ಟಿದ್ದಾರೆ ಎಂದುಕೊಂಡೆವು. “ದಯವಿಟ್ಟು ಪೂರ್ತಿ ತುಂಬಿರಿ, ಅರ್ಧಂಬರ್ಧ ಕಳಿಸಬೇಡಿ” ಎಂದು ಗುಂಪಿಗೆ ವಾಯ್ಸ್ ಮೆಸೇಜು ಬಿಟ್ಟೆವು. ಹೆಸರಿದ್ದವರ ಪಟ್ಟಿಯನ್ನಷ್ಟೇ ಅಧಿಕಾರಿಗಳಿಗೆ ಕೊಟ್ಟೆವು. ಖಾಲಿ ಹೆಸರಿನವರು ಪಟ್ಟಿಯಿಂದಲೇ ಹೊರಗುಳಿದರು.

ಆ ಅವ್ವ ಮೂರು ಸಲ ತುಂಬಿ ಮೂರು ಸಲವೂ ಹೊರಗುಳಿದವರು. ಹೆದರಿ ಹೆಸರು ಬಿಡುವವರು ಮೂರು ಸಲ ಯಾಕೆ ತುಂಬುತ್ತಾರೆ? ಈ ಪ್ರಶ್ನೆ ನಮಗೆ ತಡವಾಗಿ ಹೊಳೆಯಿತು.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಬೇಕು, ಕಷ್ಟವೇನಿಲ್ಲ. ವೆಬ್‌ಸೈಟಿನ ಸರ್ವರ್‌ಗೆ ತಾನಾಗಿ ನೆನಪು ಎಂಬುದಿಲ್ಲ. ನೀವು ಮೊದಲ ಪುಟದಿಂದ ಎರಡನೆಯದಕ್ಕೆ ಹೋದರೆ ಅದಕ್ಕೆ ನೀವು ಹೊಸಬರೇ. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬಾತ ‘ಕುಕಿ’ ಎಂಬ ಉಪಾಯ ಹುಡುಕಿದ. ಜಾತ್ರೆಯಲ್ಲಿ ಗುಡಿ ಮುಂದಿನ ಚಪ್ಪಲಿ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ನಿಮ್ಮ ಚಪ್ಪಲಿ ಅವರ ಹತ್ತಿರ, ಟೋಕನ್ ನಿಮ್ಮ ಹತ್ತಿರ. ಟೋಕನ್ ತೋರಿಸಿದರೆ ಚಪ್ಪಲಿ ಕೈಗೆ ಬರುತ್ತದೆ. ಕುಕಿ ಎಂದರೆ ನಿಮ್ಮ ಫೋನಿನಲ್ಲಿರುವ ಆ ಟೋಕನ್. ನೀವು ತುಂಬಿದ ಹೆಸರು, ನಂಬರು ಸರ್ವರ್‌ನ ಗೂಡಿನಲ್ಲಿ ಇರುತ್ತವೆ. ಆ ಗೂಡಿಗೆ ‘ಸೆಷನ್’ ಎನ್ನುತ್ತಾರೆ. ನಾವು ಬಳಸಿದ ಪಿಎಚ್‌ಪಿ ಭಾಷೆಯಲ್ಲೂ ಕೆಲಸ ನಡೆಯುವುದು ಹೀಗೆಯೇ.

ಹಾಗಾದರೆ ಚಪ್ಪಲಿ ಕಳೆಯಲು ಎಷ್ಟು ದಾರಿ? ಟೋಕನ್ನೇ ಕೊಟ್ಟಿರಲಿಕ್ಕಿಲ್ಲ. ಒಂದು ಸ್ಟ್ಯಾಂಡಿನ ಟೋಕನ್ ಹಿಡಿದು ಇನ್ನೊಂದಕ್ಕೆ ಹೋಗಿರಬಹುದು. ಟೋಕನ್ ಸರಿಯಿದ್ದು, ಹೊತ್ತಾಯಿತೆಂದು ಅವರೇ ಚಪ್ಪಲಿ ತೆಗೆದು ಹಾಕಿರಬಹುದು. ನಮ್ಮ ಗ್ರಹಚಾರಕ್ಕೆ ಮೂರೂ ಒಂದಾದ ಮೇಲೊಂದು ಆದವು. ಹೊರಗೆ ಕಾಣುವ ಲಕ್ಷಣ ಮಾತ್ರ ಒಂದೇ: ಹೆಸರಿನ ಜಾಗ ಖಾಲಿ.

ಪತ್ತೆಗೆ ನಾವು ಮಾಡಿದ ಉಪಾಯ ಸಣ್ಣದು. ಪ್ರತಿ ಪುಟದ ಕೆಳಗೆ ಆ ಟೋಕನ್ ನಂಬರು ಕಾಣುವಂತೆ ಒಂದು ಸಾಲು ಸೇರಿಸಿದೆವು. ನಂಬರು ಬದಲಾದರೆ ದಾರಿ ತಪ್ಪಿದೆ. ನಂಬರೇ ಇಲ್ಲದಿದ್ದರೆ ಟೋಕನ್ ಕೊಟ್ಟಿಲ್ಲ. ನಂಬರು ಅದೇ ಇದ್ದು ಹೆಸರು ಖಾಲಿಯಿದ್ದರೆ ಗೂಡಿನದೇ ತೊಂದರೆ. ಇಂಥ ಕೆಲಸ ಮಾಡುವ ಹುಡುಗ ಹುಡುಗಿಯರು ಯಾರಾದರೂ ಓದುತ್ತಿದ್ದರೆ ಇದನ್ನು ನೆನಪಿಡಿ, ಎರಡು ದಿನ ಉಳಿಯುತ್ತದೆ.

ವಾಟ್ಸಾಪಿನ ಲಿಂಕ್ ಒತ್ತಿ ಒಳಗೆ ಹೋದೆವು. ಎರಡನೇ ಪುಟದವರೆಗೆ ಒಂದು ನಂಬರು, ಮೂರನೆಯದರಲ್ಲಿ ಬೇರೆ. ಗುಂಪಿಗೆ ಹಾಕಿದ್ದ ಲಿಂಕಿನಲ್ಲಿ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಇರಲಿಲ್ಲ. ಎರಡನೇ ಪುಟದಿಂದ ಮೂರನೆಯದಕ್ಕೆ ಹೋಗುವ ವಿಳಾಸವನ್ನು ನಮ್ಮಲ್ಲೊಬ್ಬ ಆ ಮೂರು ಅಕ್ಷರ ಸೇರಿಸಿ ಪೂರ್ತಿ ಬರೆದಿದ್ದ. ನಮಗೆ ಎರಡೂ ಒಂದೇ. ಬ್ರೌಸರಿಗೆ ಎರಡು ಬೇರೆ ಸ್ಟ್ಯಾಂಡು, ಒಂದರ ಟೋಕನ್ ಇನ್ನೊಂದಕ್ಕೆ ತೋರಿಸುವುದಿಲ್ಲ. ನಾವು ಪರೀಕ್ಷೆ ಮಾಡುವಾಗ ಆ ಮೂರಕ್ಷರ ಸೇರಿಸಿಯೇ ವಿಳಾಸ ಬರೆಯುತ್ತಿದ್ದುದರಿಂದ ನಮಗೆ ಒಮ್ಮೆಯೂ ತಪ್ಪು ಕಂಡಿರಲಿಲ್ಲ. ಜನ ಲಿಂಕ್ ಒತ್ತಿ ಬಂದರು, ಸಿಕ್ಕಿಬಿದ್ದರು. ಯಾವ ವಿಳಾಸಕ್ಕೆ ಬಂದರೂ ಒಂದೇ ವಿಳಾಸಕ್ಕೆ ತಿರುಗುವಂತೆ ಮಾಡಿದೆವು.

ಅದೇ ಹುಮ್ಮಸ್ಸಿನಲ್ಲಿ ಎರಡನೇ ಪುಟದ ಶೀರ್ಷಿಕೆಯಲ್ಲಿದ್ದ ಕಾಗುಣಿತದ ತಪ್ಪೊಂದನ್ನೂ ತಿದ್ದಿದೆವು. ಮರುದಿನದಿಂದ ಒಬ್ಬರ ಹೆಸರೂ ಉಳಿಯಲಿಲ್ಲ! ನೋಡಿದರೆ ಎರಡನೇ ಪುಟದಲ್ಲಿ ಟೋಕನ್ ನಂಬರೇ ಇಲ್ಲ. ಕಾರಣ ಹುಡುಕಿದವಳು ನಮ್ಮ ಗೆಳತಿ. ತಿದ್ದಿದ್ದು ಹಳೆಯ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ. ಕನ್ನಡ ಉಳಿಯಬೇಕಾದರೆ ಅದರಲ್ಲಿ ಯುಟಿಎಫ್-8 ಎಂದು ಉಳಿಸಬೇಕು, ಇಲ್ಲವಾದರೆ ಅಕ್ಷರವೆಲ್ಲ ಪ್ರಶ್ನೆ ಚಿಹ್ನೆ ಆಗುತ್ತದೆ. ಆದರೆ ಹಳೆಯ ನೋಟ್‌ಪ್ಯಾಡ್ ಹಾಗೆ ಉಳಿಸುವಾಗ ಕಡತದ ತಲೆಯ ಮೇಲೆ ಕಣ್ಣಿಗೆ ಕಾಣದ ಗುರುತೊಂದನ್ನು ಇಡುತ್ತದೆ. ಅದಕ್ಕೆ ಬಿಒಎಂ ಎಂದು ಹೆಸರು, ಬರೀ ಮೂರು ಬೈಟ್. ಕುಕಿಯನ್ನು ಪುಟದ ಯಾವ ಅಕ್ಷರಕ್ಕಿಂತಲೂ ಮೊದಲು ಕಳಿಸಬೇಕು. ಆ ಗುರುತು ಮೊದಲೇ ಹೊರಟು ಹೋಗುತ್ತಿತ್ತು, ಸೆಷನ್ ಶುರುವೇ ಆಗುತ್ತಿರಲಿಲ್ಲ. ತಪ್ಪು ತೋರಿಸುವ ಸಂದೇಶವನ್ನು ನಾವೇ ಬಂದ್ ಮಾಡಿಟ್ಟಿದ್ದರಿಂದ ಸರ್ವರ್ ಕೂಗಿಕೊಂಡರೂ ನಮಗೆ ಕೇಳಿಸಿರಲಿಲ್ಲ. ಬಿಒಎಂ ಇಲ್ಲದಂತೆ ಉಳಿಸಿದೆವು, ಸರಿಹೋಯಿತು.

ಗೆದ್ದೆವು ಎಂದುಕೊಂಡೆವು. ಆದರೂ ದಿನಕ್ಕೊಂದೆರಡು ಖಾಲಿ ಹೆಸರು ಬರುತ್ತಲೇ ಇತ್ತು. ಆಗ ಮಾಡಬೇಕಾದ್ದನ್ನು ಕೊನೆಗೂ ಮಾಡಿದೆವು. ಆ ಅವ್ವನ ಮನೆಗೆ ಹೋಗಿ, “ಇನ್ನೊಮ್ಮೆ ತುಂಬ್ರಿ, ನಾವು ಬರೀ ನೋಡ್ತೀವಿ” ಎಂದೆವು.

ಅವರು ಹೆಸರು ತುಂಬಿದರು. ಕಾರ್ಡ್ ನಂಬರು ತುಂಬಿದರು. ಒಂದಕ್ಷರವೂ ತಪ್ಪಲಿಲ್ಲ. ‘ಮುಂದೆ’ ಒತ್ತಿದರು. ಎರಡನೇ ಪುಟ ಯಾವ ವಾರದ ಕೆಲಸ ಎಂದು ಕೇಳಿತು. “ತಡೀರಿ, ಬಾಯಿಗೆ ಬಂದಂಗ ಹೇಳೂದು ಬ್ಯಾಡ” ಎಂದು ಎದ್ದು ಕಾಯಕ ಬಂಧು ಮನೆಗೆ ನಡೆದರು. ಆಕೆ ಎಮ್ಮೆ ಹಿಂಡುತ್ತಿದ್ದಳಂತೆ, ಮುಗಿಯುವವರೆಗೆ ಕಾದರು. ತಾರೀಕು ಗುರುತು ಮಾಡಿಸಿಕೊಂಡು ಬಂದರು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿತ್ತು, ಮಾಳಿಗೆ ಹತ್ತಿದರು. ಅಲ್ಲಿ ನಿಂತು ‘ಮುಂದೆ’ ಒತ್ತಿದರು. ಕೊನೆಯ ಪುಟದಲ್ಲಿ ಟೋಕನ್ ನಂಬರು ಅದೇ ಇತ್ತು. ಹೆಸರಿನ ಜಾಗ ಖಾಲಿ.

ಅವರು ನಮ್ಮ ಮುಖ ನೋಡಿದರು. ಈ ಸಲ ತಪ್ಪು ಒತ್ತಿದಿರಿ ಎನ್ನಲು ನಮಗೆ ಬಾಯಿರಲಿಲ್ಲ.

ಪಿಎಚ್‌ಪಿಯಲ್ಲಿ ಯಾರೂ ಬದಲಿಸದೆ ಬಿಟ್ಟರೆ ಗೂಡಿನ ಆಯುಷ್ಯ 1440 ಸೆಕೆಂಡು. ಅಂದರೆ 24 ನಿಮಿಷ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವುದು ಅದಕ್ಕಿಂತ ತಡವಾದರೆ ಗೂಡಿನಲ್ಲಿದ್ದದ್ದು ಕಸ. ಗುಡಿಸುವ ಸರದಿ ಯಾವಾಗ ಬರುತ್ತದೋ ಹೇಳಲಾಗದು, ಹಾಗಾಗಿ ಒಬ್ಬರದು ಉಳಿಯುತ್ತದೆ, ಇನ್ನೊಬ್ಬರದು ಹೋಗುತ್ತದೆ. ಹೋದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸರ್ವರ್‌ನ ದಾಖಲೆ ತೆಗೆದು ವೇಳೆ ನೋಡಿದೆವು. ಉಳಿದಿದ್ದ ಖಾಲಿ ಹೆಸರುಗಳೆಲ್ಲ ಎರಡನೇ ಪುಟದಲ್ಲಿ 24 ನಿಮಿಷಕ್ಕಿಂತ ಹೆಚ್ಚು ನಿಂತವರವು. ಅಂದರೆ ಅಂದಾಜಿಗೆ ತುಂಬದೆ, ತಾರೀಕು ಕೇಳಿ ತಿಳಿದು, ಪಾಸ್‌ಬುಕ್ ಹುಡುಕಿ ತುಂಬಿದವರವು. ನಾವು ಅರ್ಧಂಬರ್ಧ ಎಂದು ಬೈದದ್ದು ಊರಲ್ಲೇ ಹೆಚ್ಚು ಜೋಪಾನವಾಗಿ ತುಂಬಿದವರನ್ನು.

ವೇಳೆಯನ್ನು ಇಡೀ ದಿನಕ್ಕೆ ಏರಿಸೋಣ ಎಂದೆವು. ಪರೀಕ್ಷೆಗೆ ಹಾಗೆ ಮಾಡಿ ನೋಡಿದರೆ, ಒಂದೇ ಫೋನಿನಲ್ಲಿ ಅತ್ತೆ ತುಂಬಿದ ಮೇಲೆ ಸೊಸೆ ತುಂಬಲು ಹೋದಾಗ ಅತ್ತೆಯ ಹೆಸರೇ ಬಂತು. ಒಂದು ಮನೆಗೆ ಒಂದೇ ಫೋನು ಇರುವ ಊರಲ್ಲಿ ಬಹಳ ನೆನಪೂ ತೊಂದರೆಯೇ. ಕೊನೆಗೆ ಹೀಗೆ ಮಾಡಿದೆವು: ಒಂದು ಪುಟ ಮುಗಿದ ಕೂಡಲೇ ಅದನ್ನು ಗೂಡಿನಲ್ಲಿ ಇಡದೆ ಶಾಶ್ವತ ದಾಖಲೆಗೇ ಬರೆದು, ಮುಂದಿನ ಪುಟಕ್ಕೆ ಬರೀ ಅರ್ಜಿ ನಂಬರನ್ನು ಸಾಗಿಸುವುದು. ಹೆಸರಿಲ್ಲದಿದ್ದರೆ ಕೊನೆಯ ‘ಸರಿ’ ಒತ್ತಲು ಬಿಡದೆ ಮತ್ತೆ ಕೇಳುವುದು. ಮುಗಿದ ಮೇಲೆ ಫೋನಿನ ಟೋಕನ್ ಅಳಿಸುವುದು.

ಕೋಡ್ ಸರಿಮಾಡಲು ಒಂದು ರಾತ್ರಿ ಹಿಡಿಯಿತು. ಹೆಸರುಗಳನ್ನು ವಾಪಸ್ ತರಲು ಒಂದು ವಾರ. ಮನೆ ಮನೆಗೆ ಹೋಗಿ, ಕೆಲಸ ಮತ್ತು ದಿನ ಹೇಳಿ, ಇದು ನಿಮ್ಮದೇನ್ರಿ ಎಂದು ಕೇಳಿ ಬರೆದುಕೊಂಡೆವು. ಎರಡನೇ ಪಟ್ಟಿ ಕೊಟ್ಟೆವು. ವಾಟ್ಸಾಪ್ ಗುಂಪಿಗೆ ಇನ್ನೊಂದು ವಾಯ್ಸ್ ಮೆಸೇಜು ಹಾಕಿ, ತಪ್ಪು ನಮ್ಮದು ಎಂದು ಹೇಳಿದೆವು. ಮೊದಲ ಪಟ್ಟಿಯವರಲ್ಲಿ ಹಲವರಿಗೆ ಅಷ್ಟೊತ್ತಿಗೆ ಕೂಲಿ ಬಂದಿತ್ತು. ಎರಡನೇ ಪಟ್ಟಿಯವರು ಇನ್ನೂ ಕಾಯಬೇಕಾಯಿತು. ಆ ಕಾಯುವಿಕೆಯಲ್ಲಿ ಒಂದಷ್ಟು ದಿನ ನಮ್ಮ ಲೆಕ್ಕಕ್ಕೆ ಸೇರಬೇಕು.

ನೀವೂ ಸ್ಕಾಲರ್‌ಶಿಪ್ಪಿಗೋ ಪಿಂಚಣಿಗೋ ಫೋನಿನಲ್ಲಿ ಅರ್ಜಿ ತುಂಬುವವರೇ. ಕಾಗದಪತ್ರವೆಲ್ಲ ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿ. ನಡುವೆ ಬಹಳ ಹೊತ್ತು ಬಿಡಬೇಡಿ. ಕೊನೆಯ ಗುಂಡಿ ಒತ್ತುವ ಮೊದಲು ಹೆಸರು ಇದೆಯೇ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಅಷ್ಟಾದರೂ ತುಂಬಿದ್ದು ಮಾಯವಾದರೆ ನೀವೇ ಏನೋ ತಪ್ಪು ಒತ್ತಿದಿರಿ ಎಂಬ ಮಾತನ್ನು ಸುಮ್ಮನೆ ಒಪ್ಪಿಕೊಂಡು ಬರಬೇಡಿ. ನಿಮ್ಮೆದುರೇ ಒಮ್ಮೆ ತುಂಬಿ ತೋರಿಸಿ ಎಂದು ಕೇಳಿ.

ಆ ಅವ್ವ ಎರಡನೇ ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿ, “ಇದನ್ನ ಒಂದು ವಹಿಯೊಳಗೂ ಬರಕೋರಪಾ” ಎಂದಿದ್ದರು. ಅವತ್ತಿನಿಂದ ನಾವು ಯಾವ ಸಮೀಕ್ಷೆಗೆ ಹೋದರೂ ಜೊತೆಗೊಂದು ನೋಟ್‌ಬುಕ್ ಇರುತ್ತದೆ.