ಬಾಡಿಗೆಯ ಆಂಟೆನಾ
ಬ್ರೂಕ್ಲಿನ್‌ನ ಕಟ್ಟಡವೊಂದರಲ್ಲಿ ಕಾಸಿನಗಲದ ಆಂಟೆನಾಗಳನ್ನು ಸಾವಿರಾರು ಸಂಖ್ಯೆಯಲ್ಲಿ ಜೋಡಿಸಿ, ಚಂದಾದಾರನು ಕಾರ್ಯಕ್ರಮವನ್ನು ಆರಿಸಿದೊಡನೆ ಅವನೊಬ್ಬನಿಗೇ ಒಂದನ್ನು ಮೀಸಲಿರಿಸಿ, ಆಕಾಶದಲ್ಲಿ ಉಚಿತವಾಗಿ ಸಂಚರಿಸುವ ದೂರದರ್ಶನದ ತರಂಗಗಳನ್ನು ಹಿಡಿದು ಅಂತರ್ಜಾಲದ ಮೂಲಕ ಅವನಿಗೆ ಮುಟ್ಟಿಸುತ್ತಿದ್ದ ಏರಿಯೋ ಎಂಬ ಸಂಸ್ಥೆಯು, ತನ್ನದು ಸಾರ್ವಜನಿಕ ಪ್ರದರ್ಶನವಲ್ಲ, ಕೇವಲ ಉಪಕರಣದ ಬಾಡಿಗೆಯೆಂದು ವಾದಿಸಿತು. ಇದು ಕಾನೂನಿನ ಕಣ್ಣಿಗೆ ಮಣ್ಣೆರಚುವ ಹೂಟವೆಂದು ಮೊಕದ್ದಮೆ ಹೂಡಿದ ಪ್ರಸಾರ ಸಂಸ್ಥೆಗಳು ಜರೆದವು. ನನಗಾದರೋ ಆ ಜಾಣತನದ ಮೇಲೆ ತುಸು ಮೋಹವುಂಟು. ಒಳಗಿನ ಯಂತ್ರರಚನೆ ಹೇಗೆಯೇ ಇರಲಿ, ನೋಡುವವನ ಪಾಲಿಗೆ ಇದು ಕೇಬಲ್ ಸೇವೆಗಿಂತ ಭಿನ್ನವಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2014ರ ಜೂನ್‌ನಲ್ಲಿ 6–3ರ ಬಹುಮತದಿಂದ ತೀರ್ಪಿತ್ತಿತು. ಹಾಗಿದ್ದರೆ ಕೇಬಲ್‌ನವರಿಗೆ ಸಲ್ಲುವ ಪರವಾನಗಿಯನ್ನಾದರೂ ದಯಪಾಲಿಸಿರೆಂದು ಏರಿಯೋ ಬೇಡಿತು. ಅದೂ ದೊರೆಯದೆ ಅದೇ ವರ್ಷದ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.